ಉಡುಗೊರೆ ಅಂಗಡಿ ಬಿಟ್ಟು ದಿನಸಿ ಅಂಗಡಿಗೆ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಮೇಪಲ್ ಸಿರಪ್, ಅಂದರೆ ಮೇಪಲ್ ಮರದ ರಸ ಕುದಿಸಿ ಮಾಡಿದ ಸಿಹಿ ಪಾಕ, ಎರಡು ವೇಷದಲ್ಲಿ ಸಿಗುತ್ತದೆ. ಪ್ರವಾಸಿಗರ ಬೀದಿಯಲ್ಲಿ ಅದಕ್ಕೆ ಮೇಪಲ್ ಎಲೆಯ ಆಕಾರದ ಪುಟ್ಟ ಗಾಜಿನ ಬಾಟಲಿ, ಕೊರಳಿಗೊಂದು ದಾರ, ದಾರಕ್ಕೊಂದು ಚೀಟಿ. ಸೂಪರ್‌ಮಾರ್ಕೆಟ್‌ನಲ್ಲಿ ಅದೇ ಸಿರಪ್ 540 ಮಿಲಿಲೀಟರಿನ ತಗಡಿನ ಡಬ್ಬಿಯಲ್ಲಿ, ಯಾವ ಸಿಂಗಾರವೂ ಇಲ್ಲದೆ ಕೂತಿರುತ್ತದೆ. ಅಲ್ಲಿನವರ ಮನೆಗೆ ಹೋಗುವುದು ಈ ಡಬ್ಬಿಯೇ. ಎಲೆ ಬಾಟಲಿ ಕೊಂಡವರು ಸಿರಪ್ಪಿಗಿಂತ ಗಾಜಿಗೇ ಹೆಚ್ಚು ದುಡ್ಡು ತೆತ್ತಿರುತ್ತಾರೆ. ಮೂಗಿಗಿಂತ ಮೂಗುತಿ ಭಾರ.

ಬೇರೆ ದೇಶಗಳಲ್ಲೂ ಇದೇ ಕಥೆ. ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆ ಪಕ್ಕದ ಅಂಗಡಿಗಳಲ್ಲಿ ಸ್ಟ್ರೋಪ್‌ವಾಫಲ್ ಎಂಬ, ಒಳಗೆ ಸಿರಪ್ ಇರುವ ತೆಳು ಬಿಸ್ಕತ್ತು ಗಾಳಿಗಿರಣಿಯ ಚಿತ್ರವಿರುವ ಡಬ್ಬದಲ್ಲಿ ಬರುತ್ತದೆ. ಆಲ್ಬರ್ಟ್ ಹೈನ್‌ನಂಥ ಸೂಪರ್‌ಮಾರ್ಕೆಟ್‌ನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪೊಟ್ಟಣದಲ್ಲಿ. ತಿನ್ನುವವರಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಪೊಟ್ಟಣದ್ದು ಬೇಗ ಖರ್ಚಾಗುವುದರಿಂದ ಇನ್ನಷ್ಟು ಹೊಸದಾಗಿರುವ ಸಾಧ್ಯತೆಯೇ ಹೆಚ್ಚು.

ಆದರೆ ಸೂಪರ್‌ಮಾರ್ಕೆಟ್‌ನಲ್ಲಿ ಕೊಂಡದ್ದೆಲ್ಲ ಅಗ್ಗ ಅನ್ನುವುದು ಅರ್ಧ ಸತ್ಯ. ರ್‍ಯಾಕಿನ ಮೇಲೆ ಬರೆದ ಬೆಲೆ ಮೊದಲ ಕಂತು ಮಾತ್ರ. ಸೂಟ್‌ಕೇಸಿನ ತೂಕ, ಭದ್ರತಾ ತಪಾಸಣೆಯ ದ್ರವದ ನಿಯಮ, ಇಳಿಯುವ ದೇಶದ ಕಸ್ಟಮ್ಸ್ ಎಲ್ಲವೂ ತಂತಮ್ಮ ಪಾಲು ಕೇಳುತ್ತವೆ. ಎರಡು ಯೂರೋದ ಸಾಸಿವೆ ಸಾಸ್ ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರಿದರೆ ಅದು ದುಬಾರಿ ಸಾಸಿವೆಯೇ. ಹಾಗಾಗಿ ಈ ಲೆಕ್ಕವನ್ನು ಹಿಂದುಮುಂದಾಗಿ ಹಾಕುವುದು ಒಳ್ಳೆಯದು. ಮೊದಲು ಗಡಿಯಲ್ಲಿ ಏನು ಬಿಡುತ್ತಾರೆ ಎಂದು ನೋಡಿ, ಆಮೇಲೆ ಅದು ಚೀಲದಲ್ಲಿ ಎಲ್ಲಿ ಕೂರುತ್ತದೆ ಎಂದು ಯೋಚಿಸಿ, ಬೆಲೆ ನೋಡುವುದು ಕೊನೆಗೆ.

ಗಡಿಯಿಂದಲೇ ಶುರು ಮಾಡೋಣ. ಎಲ್ಲೆಡೆ ತಕರಾರು ಬರುವುದು ಪ್ರಾಣಿಜನ್ಯ ವಸ್ತುಗಳ ಮೇಲೆ: ಮಾಂಸ, ಹಾಲಿನ ಪದಾರ್ಥ, ಮೊಟ್ಟೆ, ಜೇನು. ಐರೋಪ್ಯ ಒಕ್ಕೂಟದೊಳಗೆ ಹೊರಗಿನ ಬಹುತೇಕ ದೇಶಗಳಿಂದ ಮಾಂಸವನ್ನಾಗಲಿ ಚೀಸನ್ನಾಗಲಿ ಸ್ವಂತ ಬಳಕೆಗೆಂದೂ ಒಯ್ಯುವಂತಿಲ್ಲ. ಬ್ರಿಟನ್ 2025ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟದಿಂದ ಬರುವ ಪ್ರಯಾಣಿಕರ ಚೀಸ್ ಮತ್ತು ಮಾಂಸಕ್ಕೂ ತಡೆ ಹಾಕಿತು. ಕಾಲುಬಾಯಿ ರೋಗದ ಭಯ ಅದಕ್ಕೆ ಕಾರಣ. ನ್ಯೂಜಿಲೆಂಡ್‌ಗೆ ಜೇನು ತರುವಂತಿಲ್ಲ, ತಿನ್ನುವ ಯಾವ ವಸ್ತುವನ್ನೇ ಆದರೂ ಘೋಷಿಸದೆ ಸಿಕ್ಕಿಬಿದ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ. ಸಿಂಗಾಪುರಕ್ಕೆ ಚೂಯಿಂಗ್ ಗಮ್ ಬೇಡ. ಯುಎಇಗೆ ಗಸಗಸೆ ಬೇಡ, ಗಸಗಸೆ ಉದುರಿಸಿದ ಬಿಸ್ಕತ್ತೂ ಬೇಡ. ಒಳಗೆ ಆಟಿಕೆ ಇರುವ ಕಿಂಡರ್ ಚಾಕೊಲೇಟ್ ಮೊಟ್ಟೆ ಅಮೆರಿಕಕ್ಕೆ ಹೋಗುವಂತಿಲ್ಲ. ತಿನ್ನುವ ವಸ್ತುವಿನೊಳಗೆ ತಿನ್ನಲಾಗದ್ದನ್ನು ಹುದುಗಿಸಬಾರದು ಅನ್ನುವ 1938ರ ಕಾನೂನು ಅಲ್ಲಿ ಇನ್ನೂ ಜೀವಂತ.

ಜನ ಎಡವುವುದು ಕಣ್ಣಿಗೆ ಕಾಣುವ ಮಾಂಸದಲ್ಲಿ ಅಲ್ಲ, ಒಳಗೆ ಅಡಗಿರುವುದರಲ್ಲಿ. ಇನ್‌ಸ್ಟಂಟ್ ನೂಡಲ್ಸ್‌ನ ಮಸಾಲೆ ಪುಡಿಯಲ್ಲಿ ದನದ ಅಥವಾ ಹಂದಿಯ ಸಾರ ಇರಬಹುದು. ತ್ರೀ-ಇನ್-ಒನ್ ಕಾಫಿ ಪೊಟ್ಟಣದಲ್ಲಿ ಹಾಲಿನ ಪುಡಿ ಇರಬಹುದು. ಥಾಯ್ ಕರಿ ಪೇಸ್ಟ್‌ನಲ್ಲಿ ಸಾಮಾನ್ಯವಾಗಿ ಸೀಗಡಿ ಇರುತ್ತದೆ. ಅನುಮಾನ ಬಂದರೆ ಘೋಷಿಸುವುದೇ ಲೇಸು. ಘೋಷಿಸಿದ ವಸ್ತುವನ್ನು ಬಿಡದಿದ್ದರೆ ಹೋಗುವುದು ಆ ವಸ್ತು ಮಾತ್ರ, ಮುಚ್ಚಿಟ್ಟದ್ದು ಸಿಕ್ಕರೆ ವಸ್ತುವಿನ ಜೊತೆಗೆ ದಂಡವೂ. ಜಾಗ ಉಳಿಸಲು ಹೊರಗಿನ ರಟ್ಟಿನ ಪೆಟ್ಟಿಗೆ ಬಿಸಾಡುವುದು ಸರಿ, ಆದರೆ ಒಳಗಿನ ಪೊಟ್ಟಣದ ಮೇಲೆ ಏನೂ ಬರೆದಿರದಿದ್ದರೆ ರಟ್ಟಿನಿಂದ ಪದಾರ್ಥಗಳ ಪಟ್ಟಿಯಿರುವ ಭಾಗವನ್ನು ಕತ್ತರಿಸಿ ಜೊತೆಗಿಡಿ. ಹೆಸರಿಲ್ಲದ ಬಿಳಿ ಪುಡಿಯನ್ನು ಹಿಡಿದುಕೊಂಡು ಅಧಿಕಾರಿಯ ಮುಂದೆ ವಿವರಣೆ ಕೊಡುವ ಪಾಡು ಯಾರಿಗೂ ಬೇಡ.

ಇನ್ನು ಚೀಲ. ಹ್ಯಾಂಡ್ ಬ್ಯಾಗಿನಲ್ಲಿ ದ್ರವ 100 ಮಿಲಿಲೀಟರಿಗೆ ಸೀಮಿತ ಎಂಬುದು ಎಲ್ಲರಿಗೂ ಗೊತ್ತು. ಆ ಮಿತಿ ಪಾತ್ರೆಯ ಅಳತೆಗೆ, ಒಳಗಿರುವ ಪದಾರ್ಥಕ್ಕಲ್ಲ ಎಂಬುದು ಎಲ್ಲರಿಗೂ ಗೊತ್ತಿಲ್ಲ. ಅರ್ಧ ಖಾಲಿಯಾದ 200 ಮಿಲಿಲೀಟರಿನ ಸೀಸೆ ಹೋಗುವುದಿಲ್ಲ. ಭದ್ರತಾ ಸಿಬ್ಬಂದಿಯ ಲೆಕ್ಕದಲ್ಲಿ ದ್ರವ ಎಂದರೆ ಸುರಿಯುವಂಥದ್ದು ಮಾತ್ರವೂ ಅಲ್ಲ. ಬ್ರೆಡ್ಡಿಗೆ ಸವರುವಂಥದ್ದೂ ದ್ರವವೇ. ಜಾಮ್, ಜೇನು, ನುಟೆಲ್ಲಾ, ಕಡಲೆಕಾಯಿ ಬೆಣ್ಣೆ, ಸಾಸಿವೆ ಸಾಸ್, ಮೆತ್ತನೆ ಚೀಸ್, ಸ್ವೀಡನ್ನಿನವರ ಟ್ಯೂಬಿನಲ್ಲಿ ತುಂಬಿದ ಮೀನಿನ ಮೊಟ್ಟೆ ಎಲ್ಲ ಚೆಕ್‌ಇನ್ ಸೂಟ್‌ಕೇಸಿಗೇ ಹೋಗಬೇಕು. ಕೆಲವು ವಿಮಾನ ನಿಲ್ದಾಣಗಳಲ್ಲಿ ಹೊಸ ಸ್ಕ್ಯಾನರ್ ಬಂದು ಈ ನಿಯಮ ಸಡಿಲವಾಗಿದೆ ನಿಜ. ನಡುವೆ ವಿಮಾನ ಬದಲಿಸುವ ನಿಲ್ದಾಣದಲ್ಲಿ ಹಳೆಯ ಯಂತ್ರ ಇದ್ದರೆ ಮೊದಲನೆಯದರ ಉದಾರತೆಯಿಂದ ಏನೂ ಗಿಟ್ಟುವುದಿಲ್ಲ. ಗಟ್ಟಿ ಚಾಕೊಲೇಟ್, ಬಿಸ್ಕತ್ತು, ಸೋಪು, ಚಹಾದ ಎಲೆಗೆ ಈ ತಾಪತ್ರಯ ಇಲ್ಲ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಮಾತ್ರ ಕೈಚೀಲದಲ್ಲಿ 350 ಮಿಲಿಲೀಟರಿಗಿಂತ ಹೆಚ್ಚು ಪುಡಿ ಇದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ, ಕಾಫಿಪುಡಿಯನ್ನೂ ಮಸಾಲೆಯನ್ನೂ ಕೆಳಗೆ ಕಳಿಸಿಬಿಡುವುದು ವಾಸಿ. ಮದ್ಯ ಒಯ್ಯುವವರಿಗೆ ಇನ್ನೊಂದು ಲೆಕ್ಕ: ಶೇ 24ರಿಂದ 70ರವರೆಗೆ ಆಲ್ಕೊಹಾಲ್ ಇರುವ ಮದ್ಯ ಒಬ್ಬರಿಗೆ ಐದು ಲೀಟರ್, 70 ದಾಟಿದ್ದು ವಿಮಾನಕ್ಕೇ ನಿಷಿದ್ಧ.

ಸೋರುವುದು ಏಕೆ ಎಂದು ತಿಳಿದಿದ್ದರೆ ಕಟ್ಟುವುದು ಸುಲಭ. ಹಾರಾಟದಲ್ಲಿ ವಿಮಾನದೊಳಗಿನ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಸಿರುತ್ತಾರೆ. ಎಂಟು ಸಾವಿರ ಅಡಿಯ ಲೆಕ್ಕದಲ್ಲಿ ಬಾಟಲಿಯ ಕತ್ತಿನಲ್ಲಿ ಸಿಕ್ಕ ಗಾಳಿ ಮೂರನೇ ಒಂದು ಪಾಲಿನಷ್ಟು ಹಿಗ್ಗಲು ನೋಡುತ್ತದೆ. ಬಾಟಲಿ ಮಲಗಿದ್ದರೆ ಆ ಗಾಳಿ ಎಣ್ಣೆಯನ್ನು ಮುಚ್ಚಳದ ಕಡೆಗೆ ನೂಕುತ್ತದೆ. ಚಿಪ್ಸ್ ಪೊಟ್ಟಣ ದಿಂಬಿನಂತೆ ಉಬ್ಬುವುದೂ ಇದೇ ಕಾರಣಕ್ಕೆ. ಕಾರ್ಖಾನೆಯ ಸೀಲ್ ಒಡೆಯದ ಬಾಟಲಿಯನ್ನೇ ಕೊಳ್ಳಿ, ಮುಚ್ಚಳದ ಸುತ್ತ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ ಅದರ ಮೇಲೆ ಟೇಪ್ ಹಾಕಿ, ಜಿಪ್ ಇರುವ ಚೀಲದಲ್ಲಿಡಿ, ಸೂಟ್‌ಕೇಸಿನ ಅಂಚಿಗೆ ತಾಗದಂತೆ ಬಟ್ಟೆಗಳ ನಡುವೆ ತುರುಕಿ. ಆಲಿವ್ ಎಣ್ಣೆಯನ್ನಾದರೆ ಗಾಜಿನ ಬದಲು ತಗಡಿನ ಡಬ್ಬದಲ್ಲಿ ಕೊಳ್ಳುವುದು ಎಲ್ಲ ರೀತಿಯಲ್ಲೂ ಮೇಲು. ಒಡೆಯುವುದಿಲ್ಲ, ಹಗುರ, ಎಣ್ಣೆಯನ್ನು ಕೆಡಿಸುವ ಬೆಳಕೂ ಒಳಗೆ ಹೋಗುವುದಿಲ್ಲ.

ತೂಕದ ವಿಷಯದಲ್ಲಿ ಗಾಜೇ ಮೊದಲ ಶತ್ರು. 750 ಮಿಲಿಲೀಟರಿನ ಒಂದು ವೈನ್ ಬಾಟಲಿ ಸುಲಭವಾಗಿ ಒಂದೂಕಾಲು ಕಿಲೋ ತೂಗುತ್ತದೆ. ಆ ಮೇಪಲ್ ಡಬ್ಬಿಯೂ ಪಾಪದ್ದಲ್ಲ. ಸಿರಪ್ ನೀರಿಗಿಂತ ಸಾಂದ್ರವಾದ್ದರಿಂದ 540 ಮಿಲಿಲೀಟರ್ ಅಂದರೆ ಸುಮಾರು 700 ಗ್ರಾಂ. ಎರಡು ಡಬ್ಬಿಗೆ ಒಂದೂವರೆ ಕಿಲೋ ಹತ್ತಿರ. ಪ್ರಯಾಣ ಹೊರಡುವಾಗಲೇ ಉಡುಗೊರೆಗೆಂದು ಮೂರು ಕಿಲೋ ಖಾಲಿ ಬಿಟ್ಟುಕೊಂಡವರಿಗೆ ಕೊನೆಯ ದಿನ ಕೌಂಟರಿನೆದುರು ಬಟ್ಟೆ ಹೊರಗೆಳೆಯುವ ಪ್ರಸಂಗ ಬರುವುದಿಲ್ಲ.

ಅಂಗಡಿ ಯಾವುದು ಅನ್ನುವುದೂ ಮುಖ್ಯ. ಒಂದೇ ಸಂಸ್ಥೆಯ ಮಳಿಗೆಗಳಲ್ಲೇ ಬೆಲೆ ಬೇರೆ ಬೇರೆ. ಟೆಸ್ಕೊ ಎಕ್ಸ್‌ಪ್ರೆಸ್, ಕ್ಯಾರಫೂರ್ ಸಿಟಿ ಎಂದು ಹೆಸರು ಹೊತ್ತ ನಗರದ ನಡುವಿನ ಪುಟ್ಟ ಮಳಿಗೆಗಳಲ್ಲಿ ಆಯ್ಕೆ ಕಡಿಮೆ, ಬೆಲೆ ಜಾಸ್ತಿ. ಬಸ್ಸಿನಲ್ಲಿ ನಾಲ್ಕು ನಿಲ್ದಾಣ ಆಚೆ ಇರುವ ದೊಡ್ಡ ಮಳಿಗೆಗೆ ಒಮ್ಮೆ ಹೋಗಿಬರುವುದು ಉತ್ತಮ, ಅದೂ ಹೊರಡುವ ಹಿಂದಿನ ದಿನ. ಮೊದಲ ದಿನವೇ ಕೊಂಡರೆ ಪ್ರವಾಸ ಮುಗಿಯುವವರೆಗೆ ಹೊರಬೇಕು. ಜರ್ಮನಿಯಲ್ಲಿ ಭಾನುವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳ ಒಳಗಿನ ಕೆಲವನ್ನು ಬಿಟ್ಟರೆ. ಸೋಮವಾರ ಬೆಳಿಗ್ಗೆ ವಿಮಾನ ಇರುವವರು ಶನಿವಾರ ಸಂಜೆಯೊಳಗೆ ಖರೀದಿ ಮುಗಿಸಬೇಕು. ಸ್ವಿಟ್ಜರ್ಲೆಂಡಿನ ಸಹಕಾರಿ ಸೂಪರ್‌ಮಾರ್ಕೆಟ್ ಮಿಗ್ರೋಸ್‌ನಲ್ಲಿ ವೈನ್ ಹುಡುಕಬೇಡಿ. ಅಲ್ಲಿ ಮದ್ಯ ಮಾರುವುದಿಲ್ಲ, 2022ರಲ್ಲಿ ಅದರ ಸದಸ್ಯರು ಮತ ಹಾಕಿ ಆ ಪದ್ಧತಿಯನ್ನೇ ಉಳಿಸಿಕೊಂಡರು. ಅದರ ಬದಲು ಸಂಸ್ಥೆಯದೇ ಆದ ಫ್ರೈ ಚಾಕೊಲೇಟಿನ ಸಾಲು ನೋಡಿ, ನೂರು ಗ್ರಾಮಿನ ಚಪ್ಪಟೆ ಬಾರುಗಳು ಸೂಟ್‌ಕೇಸಿನಲ್ಲಿ ಪುಸ್ತಕದ ಹಾಗೆ ಕೂರುತ್ತವೆ.

ಬೆಲೆಯ ಚೀಟಿಯಲ್ಲಿ ದೊಡ್ಡ ಅಂಕಿಗಿಂತ ಮೂಲೆಯಲ್ಲಿರುವ ಸಣ್ಣ ಅಂಕಿ ಕೆಲಸಕ್ಕೆ ಬರುತ್ತದೆ. ಯೂರೋಪಿನಲ್ಲಿ ಕಿಲೋಗೆ ಅಥವಾ ಲೀಟರಿಗೆ ಎಷ್ಟು ಎಂದು ಬರೆಯುವುದು ಕಡ್ಡಾಯ. ಹೋಲಿಸುವಾಗ ಒಂದು ಚೀಟಿ ಕಿಲೋ ಲೆಕ್ಕದಲ್ಲೂ ಪಕ್ಕದ್ದು 100 ಗ್ರಾಂ ಲೆಕ್ಕದಲ್ಲೂ ಇರಬಹುದು, ಹತ್ತು ಪಟ್ಟು ಅಗ್ಗ ಅನ್ನಿಸಿ ಮೋಸಹೋಗುವುದು ಅಲ್ಲೇ. ಬ್ರಿಟನ್ನಿನ ಟೆಸ್ಕೊದಲ್ಲಿ ಒಂದೇ ವಸ್ತುವಿಗೆ ಎರಡು ಬೆಲೆ ಇರುತ್ತದೆ. ಹಳದಿ ಬಣ್ಣದ ಕಡಿಮೆ ಬೆಲೆ ಕ್ಲಬ್‌ಕಾರ್ಡ್ ಎಂಬ ಸದಸ್ಯತ್ವದ ಕಾರ್ಡ್ ಇರುವವರಿಗೆ. ಜಪಾನಿನಲ್ಲಿ ದಪ್ಪಕ್ಷರದ್ದು ಹೆಚ್ಚಾಗಿ ತೆರಿಗೆ ಸೇರದ ಬೆಲೆ, ಸೇರಿದ್ದು ಅದರ ಕೆಳಗೆ ಸಣ್ಣದಾಗಿ. ಆಹಾರಕ್ಕೆ ಶೇ 8, ಉಳಿದವಕ್ಕೆ ಶೇ 10. ಅಮೆರಿಕದಲ್ಲಿ ಚೀಟಿಯ ಮೇಲೆ ತೆರಿಗೆಯೇ ಇರುವುದಿಲ್ಲ.

ವಿದೇಶಿ ಪ್ರವಾಸಿಗರಿಗೆ ಸಿಗುವ ತೆರಿಗೆ ವಾಪಸಾತಿಯ ಆಸೆ ಇಲ್ಲಿ ಹೆಚ್ಚು ಬೇಡ. ಫ್ರಾನ್ಸಿನಲ್ಲಿ ಖರೀದಿ 100 ಯೂರೋ ದಾಟಬೇಕು, ಬಿಸ್ಕತ್ತು ಸೋಪಿನಲ್ಲಿ ಅಷ್ಟು ದಾಟುವುದು ಅಪರೂಪ. ಜಪಾನಿನಲ್ಲಿ ತೆರಿಗೆ ಬಿಟ್ಟು 5,000 ಯೆನ್ ಆದರೆ ಸಾಕು, ಆದರೆ ಪರವಾನಗಿ ಇರುವ ಮಳಿಗೆ ಆಗಿರಬೇಕು, ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಮೊದಲಿನಿಂದ ಇದ್ದ ಪದ್ಧತಿಯಲ್ಲಿ ಅಂಗಡಿಯಲ್ಲೇ ತೆರಿಗೆ ಬಿಟ್ಟು, ತಿನಿಸನ್ನು ಸೀಲ್ ಹಾಕಿದ ಚೀಲದಲ್ಲಿ ಕೊಡುತ್ತಿದ್ದರು, ದೇಶ ಬಿಡುವವರೆಗೆ ಅದನ್ನು ಬಿಚ್ಚುವಂತಿರಲಿಲ್ಲ. 2026ರ ನವೆಂಬರ್ 1ರಿಂದ ಮೊದಲು ಪೂರ್ತಿ ಹಣ ಕೊಟ್ಟು, ಹೊರಡುವಾಗ ಕಸ್ಟಮ್ಸ್ ಮುಗಿಸಿ ವಾಪಸು ಪಡೆಯುವ ಕ್ರಮ. ಐದು ಸಾವಿರ ಯೆನ್‌ನ ತಿಂಡಿಗೆ ಉಳಿಯುವುದು 400 ಯೆನ್. ಅದಕ್ಕಾಗಿ ಉದ್ದನೆಯ ಸಾಲಿನಲ್ಲಿ ನಿಲ್ಲುವುದು ದಂಡ ಎಂದೇ ಇಲ್ಲಿನ ಅಭಿಪ್ರಾಯ.

ಈಗ ಏನು ಕೊಳ್ಳುವುದು ಅನ್ನುವುದಕ್ಕೆ ಬರೋಣ. ಸ್ಪೇನಿನ ಸೂಪರ್‌ಮಾರ್ಕೆಟ್‌ನ ಮಸಾಲೆ ಸಾಲಿನಲ್ಲಿ ಅಂಗೈಯಲ್ಲಿ ಹಿಡಿಯುವಂಥ ಕೆಂಪು ತಗಡಿನ ಡಬ್ಬಿ ಸಿಗುತ್ತದೆ, 70 ಅಥವಾ 75 ಗ್ರಾಮಿನದು: ಪಿಮೆಂತೋನ್ ದೆ ಲಾ ವೇರಾ. ಎಕ್ಸ್‌ತ್ರೆಮಾದೂರಾದ ವೇರಾ ಕಣಿವೆಯಲ್ಲಿ ಮೆಣಸಿನಕಾಯಿಯನ್ನು ಬಿಸಿಲಿಗೆ ಹಾಕದೆ ಓಕ್ ಸೌದೆಯ ಹೊಗೆಯಲ್ಲಿ ಹತ್ತು ಹದಿನೈದು ದಿನ ಒಣಗಿಸಿ, ಆಮೇಲೆ ಬೀಸಿ ಮಾಡಿದ ಪುಡಿ ಇದು. ದುಲ್ಸೆ ಸಿಹಿ, ಪಿಕಾಂತೆ ಖಾರ, ಆಗ್ರಿದುಲ್ಸೆ ನಡುವಿನದು. ಡಬ್ಬಿಯ ಮೇಲೆ ಮೂಲಸ್ಥಾನದ ಮುದ್ರೆ ಇದೆಯೇ ನೋಡಿ. ಬರೀ ಪಿಮೆಂತೋನ್ ಎಂದು ಬರೆದದ್ದರಲ್ಲಿ ಹೊಗೆಯ ವಾಸನೆಯೇ ಇರದಿರಬಹುದು. ಇದರ ಒಂದೇ ದೋಷ ಮುಚ್ಚಳ. ತಿರುಗಿಸುವಂಥದ್ದಲ್ಲ, ಒತ್ತಿ ಕೂರಿಸಿದ್ದು. ಸೂಟ್‌ಕೇಸಿನಲ್ಲಿ ಬಿಚ್ಚಿಕೊಂಡರೆ ಬಿಳಿ ಅಂಗಿಗಳೆಲ್ಲ ಕೇಸರಿ ಬಣ್ಣಕ್ಕೆ ತಿರುಗುತ್ತವೆ, ಹೊಗೆಯ ವಾಸನೆ ನಾಲ್ಕು ಒಗೆತಕ್ಕೂ ಹೋಗುವುದಿಲ್ಲ. ಅಂಚಿನ ಸುತ್ತ ಟೇಪ್ ಒಂದು ಸುತ್ತು ಹಾಕಿ, ಜಿಪ್ ಚೀಲಕ್ಕೆ ಸೇರಿಸಿದರೆ ಮುಗಿಯಿತು. ಹಗುರ, ಒಡೆಯದ್ದು, ಪ್ರಾಣಿಜನ್ಯವಲ್ಲದ್ದು, ಡಬ್ಬಿ ಖಾಲಿಯಾದ ಮೇಲೂ ಗುಂಡುಸೂಜಿ ಹಾಕಿಡಲು ಬರುತ್ತದೆ. ಇಡೀ ಯೂರೋಪಿನಲ್ಲಿ ಒಂದೇ ಉಡುಗೊರೆ ಆರಿಸಿ ಅಂದರೆ ಇದಕ್ಕೇ ವೋಟು. ಕೇಸರಿಯನ್ನೂ ಅದೇ ಸಾಲಿನಲ್ಲಿ ಮಾರುತ್ತಾರೆ. ಎಸಳಿನದನ್ನೇ ಕೊಳ್ಳಿ, ಪುಡಿಯಲ್ಲಿ ಏನು ಬೆರೆತಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ.

ಫ್ರಾನ್ಸಿನಲ್ಲಿ ತಿಂಡಿಯ ಸಾಲು ದಾಟಿ ಶಾಲಾ ಸಾಮಾನಿನ ಸಾಲಿಗೆ ಹೋಗಿ. ಆಗಸ್ಟ್ ಕೊನೆಯಲ್ಲಿ, ಶಾಲೆ ತೆರೆಯುವ ಮುನ್ನ, ನೋಟ್‌ಬುಕ್ಕುಗಳು ಅಲ್ಲಿ ಗುಡ್ಡೆ ಬಿದ್ದಿರುತ್ತವೆ. ಅಲ್ಲಿನ ಮಕ್ಕಳು ಬರೆಯುವುದು ಸೇಯೆಸ್ ಎಂಬ ಗೆರೆಯ ಹಾಳೆಯಲ್ಲಿ: ಎಂಟು ಮಿಲಿಮೀಟರಿನ ಚೌಕಗಳು, ಪ್ರತಿ ಚೌಕದೊಳಗೆ ಎರಡೆರಡು ಮಿಲಿಮೀಟರಿಗೆ ತಿಳಿಯಾದ ಅಡ್ಡಗೆರೆ, ಎಡಕ್ಕೊಂದು ಕೆಂಪು ಅಂಚುಗೆರೆ. ಯಾವ ಅಕ್ಷರ ಎಷ್ಟು ಎತ್ತರ ಏರಬೇಕು, ಬಾಲ ಎಲ್ಲಿಗೆ ಇಳಿಯಬೇಕು ಎಂದು ಆ ಗೆರೆಗಳೇ ಹೇಳುತ್ತವೆ. ಕ್ಲೇರ್‌ಫೋಂತೇನ್ ಕಂಪನಿಯವರ, ಚದರ ಮೀಟರಿಗೆ 90 ಗ್ರಾಂ ತೂಗುವ ಕಾಗದದಲ್ಲಿ ಫೌಂಟನ್ ಪೆನ್ನಿನ ಶಾಯಿ ಹಿಂಬದಿಗೆ ಹಾಯುವುದಿಲ್ಲ. 17×22 ಸೆಂಟಿಮೀಟರಿನ 96 ಪುಟದ ಪುಸ್ತಕ ರಟ್ಟು ಬಿಟ್ಟು ಸುಮಾರು 160 ಗ್ರಾಂ ತೂಗುತ್ತದೆ. ಐಫೆಲ್ ಗೋಪುರದ ಕೀಚೈನ್ ಪಡೆದವರು ಅದನ್ನು ಡ್ರಾಯರಿಗೆ ಹಾಕುತ್ತಾರೆ, ನೋಟ್‌ಬುಕ್ ಪಡೆದವರು ಬರೆಯುತ್ತಾರೆ. ಅಲ್ಲೇ ಮುಂದಿನ ಸಾಲಿನಲ್ಲಿ ಮಾರ್ಸೇ ಸೋಪಿನ ಗಟ್ಟಿಗಳಿರುತ್ತವೆ, ಮೇಲೆ ಶೇ 72 ಎಂಬ ಅಚ್ಚು. ಎಣ್ಣೆಯ ಪಾಲು ಅದು. ಆ ಹೆಸರು ಹೊತ್ತದ್ದೆಲ್ಲ ಮಾರ್ಸೇಯಲ್ಲಿ ಆದದ್ದಲ್ಲ. ಪದಾರ್ಥಗಳ ಪಟ್ಟಿ ಚಿಕ್ಕದಾಗಿದ್ದು, ಅದರಲ್ಲಿ ಸುಗಂಧ ಇಲ್ಲದಿದ್ದರೆ ಹಳೆಯ ಬಗೆಗೆ ಹತ್ತಿರದ್ದು. ಲ್ಯಾವೆಂಡರ್ ಬಣ್ಣದ್ದು ಪ್ರವಾಸಿಗರಿಗೆ.

ಶ್ರೀಲಂಕಾದಲ್ಲಿ ಚಹಾ ಕೊಳ್ಳುವಾಗ ಕತ್ತಿ ಹಿಡಿದ ಸಿಂಹದ ಮುದ್ರೆ ನೋಡಿ: ಪೂರ್ತಿ ಅಲ್ಲಿಯ ಚಹಾ, ಅಲ್ಲಿಯೇ ಕಟ್ಟಿದ್ದು ಎಂಬುದಕ್ಕೆ ಗುರುತು. ಬಿಓಪಿ, ಓಪಿ ಎಂಬ ಅಕ್ಷರಗಳು ಎಲೆಯ ಗಾತ್ರ ಹೇಳುತ್ತವೆಯೇ ಹೊರತು ಗುಣಮಟ್ಟವನ್ನಲ್ಲ. ಹಾಲು ಹಾಕಿ ಕುಡಿಯುವವರಿಗೆ ಸಣ್ಣ ಚೂರಿನ ಬಿಓಪಿಎಫ್ ಚೆನ್ನಾಗಿ ಹೊಂದುತ್ತದೆ. ವಿಯೆಟ್ನಾಮಿನಲ್ಲಾದರೆ ಫಿನ್ ಎಂಬ ಪುಟ್ಟ ಕಾಫಿ ಫಿಲ್ಟರ್. ಅಲ್ಯೂಮಿನಿಯಮ್ಮಿನದು ಹಕ್ಕಿಯಷ್ಟು ಹಗುರ, ಕೆಟ್ಟುಹೋಗುವ ಭಾಗವೇ ಅದರಲ್ಲಿಲ್ಲ.

ಚಾಕೊಲೇಟಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಎಲ್ಲರೂ ಕೊನೆಗೆ ಕೊಳ್ಳುವುದು ಅದನ್ನೇ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ವಿಮಾನದ ಹೊಟ್ಟೆಯಲ್ಲಿ ಹಾರುವಾಗ ತಂಪೇ. ತೊಂದರೆ ಬಿಸಿಲಲ್ಲಿ ಲಗೇಜು ಗಾಡಿ ಕಾಯುವಾಗ. ಕರಗಿ ಮತ್ತೆ ಗಟ್ಟಿಯಾದದ್ದರ ಮೇಲೆ ಬೂದು ಬಿಳಿ ಪದರ ಬರುತ್ತದೆ, ಅದು ಬೂಷ್ಟಲ್ಲ, ಮೇಲೆ ಬಂದ ಕೊಬ್ಬು. ತಿನ್ನಬಹುದು, ಉಡುಗೊರೆಯಾಗಿ ಕೊಡಲು ಮಾತ್ರ ಮುಜುಗರ. ಮನೆಗೆ ಬಂದ ಕೂಡಲೇ ಫ್ರಿಜ್ಜಿಗಿಟ್ಟು ಹೊರತೆಗೆದರೆ ತೇವ ಕೂತು ಸಕ್ಕರೆ ಕರಗಿ ಇನ್ನೊಂದು ಬಗೆಯ ಬಿಳಿ ಕಲೆ. ಬಾರುಗಳನ್ನು ಬಟ್ಟೆಗಳ ನಡುಮಧ್ಯ ಇಡಿ, ಒಳಗೆ ಕ್ರೀಮ್ ತುಂಬಿದ್ದನ್ನು ಬೇಸಿಗೆಯಲ್ಲಿ ಕೊಳ್ಳಲೇಬೇಡಿ.

ದಿನಾಂಕ ಓದುವುದರಲ್ಲೂ ಎಚ್ಚರ. 08/09 ಅನ್ನುವುದು ಯೂರೋಪಿನಲ್ಲಿ ಸೆಪ್ಟೆಂಬರ್, ಅಮೆರಿಕದಲ್ಲಿ ಆಗಸ್ಟ್. ಜಪಾನಿನಲ್ಲಿ ವರ್ಷ ಮೊದಲು ಬರುತ್ತದೆ. ಉಪ್ಪು, ಸಕ್ಕರೆ, ವಿನೆಗರ್ ಮೇಲೆ ಯೂರೋಪಿನಲ್ಲಿ ದಿನಾಂಕ ಕಡ್ಡಾಯವಿಲ್ಲ, ಕಾಣದಿದ್ದರೆ ಗಾಬರಿ ಬೇಡ. ಸಂಜೆಯ ಹೊತ್ತು ಅರ್ಧ ಬೆಲೆಯ ಸ್ಟಿಕ್ಕರ್ ಅಂಟಿಸಿದ್ದು ಅಂದಿನ ಊಟಕ್ಕೆ ಸೈ, ಸೂಟ್‌ಕೇಸಿಗಲ್ಲ.

ಸಸ್ಯಾಹಾರಿಗಳಿಗೆ ಕೊಡುವುದಾದರೆ ಅಂಟಂಟು ಮಿಠಾಯಿಗಳಲ್ಲಿ ಜೆಲಟಿನ್, ಕೆಂಪು ಬಣ್ಣಕ್ಕೆ ಇ120 ಎಂಬ ಹುಳುವಿನ ಬಣ್ಣ, ಪಾರ್ಮಿಜಾನೊ ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು, ಜಪಾನಿನ ಖಾರದ ತಿಂಡಿಗಳಲ್ಲಿ ಒಣಮೀನಿನ ಸಾರ ಇವನ್ನು ನೋಡಿಕೊಳ್ಳಬೇಕು. ಫೋನಿನ ಕ್ಯಾಮೆರಾ ಅನುವಾದ ಹೊಳೆಯುವ ಪೊಟ್ಟಣದ ಮೇಲೆ ತಡವರಿಸುತ್ತದೆ. ಪೊಟ್ಟಣವನ್ನು ಚಪ್ಪಟೆ ಮಾಡಿ, ದೀಪಕ್ಕೆ ಓರೆಯಾಗಿ ಹಿಡಿದು ಫೋಟೋ ತೆಗೆದು, ಆ ಫೋಟೋವನ್ನು ಅನುವಾದಕ್ಕೆ ಕೊಟ್ಟರೆ ಫಲಿತಾಂಶ ಸುಧಾರಿಸುತ್ತದೆ. ಕಚೇರಿಯಲ್ಲಿ ಹಂಚುವುದಕ್ಕಾದರೆ ಒಂದೊಂದಾಗಿ ಸುತ್ತಿದ್ದನ್ನೇ ಕೊಂಡು, ಪೊಟ್ಟಣದೊಳಗೆ ಎಷ್ಟಿವೆ ಎಂದು ಎಣಿಸಿ. ಗ್ರಾಮಿನ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಬಿಲ್ಲನ್ನು ಬಿಸಾಡಬೇಡಿ. ಯೂರೋಪಿನ ಹಲವು ಮಳಿಗೆಗಳಲ್ಲಿ ನೀವೇ ಸ್ಕ್ಯಾನ್ ಮಾಡುವ ಕೌಂಟರಿನಿಂದ ಹೊರಬೀಳಲು ಬಿಲ್ಲಿನ ಬಾರ್‌ಕೋಡ್ ತೋರಿಸಿದರೇ ಗೇಟು ತೆರೆಯುವುದು. ಕಸ್ಟಮ್ಸ್‌ನಲ್ಲಿ ಬೆಲೆ ಕೇಳಿದರೆ ತೋರಿಸಲೂ ಅದೇ ಬೇಕು. ಚೀಲಕ್ಕೆ ಬೇರೆ ದುಡ್ಡು, ತುಂಬಿಕೊಳ್ಳುವವರೂ ನೀವೇ. ಅಲ್ಲಿ ಮಾರುವ ಗಟ್ಟಿ ಬಟ್ಟೆಯ ಚೀಲವನ್ನು ಉಡುಗೊರೆಯ ಪಟ್ಟಿಗೇ ಸೇರಿಸಬಹುದು. ಐಸ್‌ಲ್ಯಾಂಡಿನ ಬೋನುಸ್ ಅಂಗಡಿಯ ಗುಲಾಬಿ ಹಂದಿಯ ಚಿತ್ರದ ಚೀಲವನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ಕೊಡುವಾಗ ಡಬ್ಬಿಯ ಜೊತೆ ಎರಡು ಸಾಲಿನ ಚೀಟಿ ಇರಲಿ, ಇಲ್ಲದಿದ್ದರೆ ಅರ್ಧದಷ್ಟು ಉಡುಗೊರೆ ಅಡುಗೆಮನೆಯ ಹಿಂದಿನ ಸಾಲಿನಲ್ಲೇ ಹಳತಾಗುತ್ತದೆ. ಹೊಗೆ ಹಾಕಿದ ಮೆಣಸಿನಪುಡಿಯನ್ನು ಕಾದ ಎಣ್ಣೆಗೆ ಹಾಕಿದರೆ ಕ್ಷಣದಲ್ಲಿ ಕರಕಲಾಗಿ ಕಹಿಯಾಗುತ್ತದೆ, ಬಾಣಲೆಯನ್ನು ಒಲೆಯಿಂದ ಇಳಿಸಿ ಹಾಕಬೇಕು ಎಂದು ಬರೆಯಿರಿ. ಮೇಪಲ್ ಸಿರಪ್ ಡಬ್ಬಿ ತೆರೆದ ದಿನವೇ ಗಾಜಿನ ಜಾಡಿಗೆ ಸುರಿದು ಫ್ರಿಜ್ಜಿನಲ್ಲಿಡಬೇಕು, ಸಂರಕ್ಷಕ ಇಲ್ಲದ್ದರಿಂದ ಹೊರಗಿಟ್ಟರೆ ಬೂಷ್ಟು ಹಿಡಿಯುತ್ತದೆ ಎಂದು ಬರೆಯಿರಿ. ಸ್ಟ್ರೋಪ್‌ವಾಫಲ್ ಪೊಟ್ಟಣಕ್ಕಾದರೆ ಇಷ್ಟು ಸಾಕು: ಬಿಸಿ ಕಾಫಿ ಲೋಟದ ಬಾಯಿಯ ಮೇಲೆ ಒಂದೆರಡು ನಿಮಿಷ ಮುಚ್ಚಳದಂತೆ ಇಟ್ಟು, ಒಳಗಿನ ಸಿರಪ್ ಮೆತ್ತಗಾದ ಮೇಲೆ ತಿನ್ನಿ.